ತೂಗುಸೇತುವೆಯ ಮೇಲೆ ಹೆಣ್ಣು ನೋಡಿದ್ದು

ಅಕ್ಕನನ್ನು ನೋಡಲು ಬರುವವರಿಗೆ ಅಪ್ಪ ಮನೆಯ ವಿಳಾಸದ ಬದಲು ತೂಗುಸೇತುವೆಯ ವಿಳಾಸ ಕೊಟ್ಟ. ವರನಿಗೆ ಓಝರ್‌ನಲ್ಲಿ ನೌಕರಿ, ತಾಯಿ ಇರುವುದು ಸಂಭಾಜಿನಗರದಲ್ಲಿ, ನಾವಿರುವುದು ನಾಶಿಕ್‌ನಲ್ಲಿ; ಎರಡೂ ಮನೆಯವರ ಮೂಲ ವಿಜಯಪುರದ ಕಡೆ. ಎಲ್ಲರಿಗೂ ನಡುವೆ ಬೀಳುತ್ತದೆ, ಹಳೇ ಕಾಲದ ಸೇತುವೆ, ಕೆಳಗೆ ಹೊಳೆಯ ಕೊರಕಲು, ಫೋಟೋ ಚಂದ ಬರುತ್ತವೆ ಎಂದು ಫೋನಿನಲ್ಲಿ ಬಣ್ಣಿಸಿದ.

ಕಾರಣ ಬೇರೆ. ಅಕ್ಕನ ಒಂದು ಕಾಲು ತುಸು ಗಿಡ್ಡ. ನಮ್ಮ ವಿಜಯಪುರದ ಕಡೆಯ ಹೆಂಗಸರು ಹೆಣ್ಣು ನೋಡಲು ಬಂದರೆ ಚಹಾಕ್ಕೂ ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಹಿಂದೆ ಬಂದವರೆಲ್ಲ ಆ ನಾಲ್ಕು ಹೆಜ್ಜೆಗೇ ಎದ್ದು ಹೋಗಿದ್ದರು. ತೂಗುಸೇತುವೆಯ ಮೇಲಾದರೆ ಎಲ್ಲರೂ ಕುಂಟುತ್ತಾರೆ. ಅಪ್ಪ ಸಿನ್ನರ್‌ನ ಕಾರ್ಖಾನೆಗಳಿಗೆ ಸ್ಲ್ಯಾಬ್ ಹಾಕುವವನು. ಸ್ಲ್ಯಾಬ್ ಗಟ್ಟಿಯಾಗುವ ತನಕ ಕೆಳಗಿನ ಆಧಾರ ತೆಗೆಯಬಾರದು, ಮದುವೆಯ ಮಾತೂ ಹಾಗೇ ಎಂಬುದು ಅವನ ಸಿದ್ಧಾಂತ.

ನಾನು ಮನೆಯ ಕೋತಿ. ಓದಿನಲ್ಲಿ ನಪಾಸು, ಆದರೆ ಯಾರ ನಡಿಗೆ, ಯಾರ ಕೆಮ್ಮು ಬೇಕಾದರೂ ಮಾಡಿ ತೋರಿಸುತ್ತೇನೆ.

ವರ ಕೊರಳಿಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡು ಬಂದ. ತಗ್ಗು ನೋಡಿದರೆ ತಲೆ ತಿರುಗುತ್ತದೆಂದು ಕಣ್ಣನ್ನು ಅದಕ್ಕೇ ಅಂಟಿಸಿದ್ದ. ಅವನ ತಾಯಿ ಪರ್ಸನ್ನು ಕಂಕುಳಲ್ಲಿ ಅವುಚಿ, ಕಬ್ಬಿಣದ ಹಗ್ಗ ಹಿಡಿದು, ಏಡಿಯಂತೆ ಅಡ್ಡಡ್ಡ ನಡೆದರು. ಹಿಂದಿನಿಂದ ನಾನೂ ಅಡ್ಡಡ್ಡ ನಡೆದೆ. ಅಕ್ಕ ನಗು ತಡೆಯಲು ಸೆರಗು ಕಚ್ಚಿದಳು. ಅಪ್ಪ ಅವಳನ್ನು ಅಲ್ಲಲ್ಲಿ ನಿಲ್ಲಿಸಿ ಫೋಟೋ ತೆಗೆಸಿಯೇ ತೆಗೆಸಿದ. ಫೋಟೋದಲ್ಲಿ ಯಾರೂ ಕುಂಟುವುದಿಲ್ಲವಲ್ಲ. ಸೇತುವೆಯ ನಡುವೆಯೇ ಕುಂಕುಮ ಹಚ್ಚಿ ಮಾತು ಮುಗಿಸೋಣವೇ ಎಂದು ಕೇಳಿದ. ಆ ದಡಕ್ಕೆ ಹೋಗಿ ಹಚ್ಚಿದರಾಯಿತು ಎಂದರು ವರನ ತಾಯಿ.

ಅವರು ಮುಂದೆ ಹೋಗಿ ಆ ಬದಿಯ ಕಲ್ಲುಕಟ್ಟೆಯ ಮೇಲೆ ಫೋನು ಹಿಡಿದು ನಿಂತರು. ಒಬ್ಬೊಬ್ಬರೇ ಬನ್ನಿ, ವಿಡಿಯೋ ಮಾಡುತ್ತೇನೆ ಎಂದರು. ಕಲ್ಲಿನ ಮೇಲೆ ಕಾಲಿಟ್ಟೊಡನೆ ಅಪ್ಪನ ನಡಿಗೆ ನೆಟ್ಟಗಾಯಿತು. ವರನದೂ ಆಯಿತು, ನನ್ನದೂ ಆಯಿತು. ಅಕ್ಕನದು ಆಗಲಿಲ್ಲ.

“ತೂಗುಪೂಲು ಮುಗೀತಲ್ಲವ್ವಾ,” ಎಂದರು ಅವರು, ಫೋನು ಇಳಿಸದೆ. “ನೀ ಇನ್ನೂ ಯಾಕ ತೂಗಾಡಾಕತ್ತಿ?”

ವರ ಕ್ಯಾಮೆರಾದ ಮುಚ್ಚಳ ಹುಡುಕತೊಡಗಿದ. ಅವರ ಕಾರನ್ನು ಡ್ರೈವರ್ ಆಗಲೇ ಅದೇ ದಡಕ್ಕೆ ಸುತ್ತಿಸಿ ತಂದು, ಹೊರಡಲು ತಯಾರಾಗಿ ನಿಲ್ಲಿಸಿದ್ದ. ಅಂದರೆ ಕಾಲಿನ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಬಂದದ್ದು ಬರೀ ನೋಡಿ ನಗಲಿಕ್ಕೆ.

ನಮ್ಮ ಗಾಡಿ ಈಚೆ ದಡದಲ್ಲಿ. ಮತ್ತೆ ಅದೇ ಸೇತುವೆ. ಕುಂಕುಮದ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು ಅಪ್ಪ ತಿರುಗಿ ನೋಡದೆ ಮುಂದೆ ನಡೆದ. ಅಕ್ಕನನ್ನು ನಗಿಸಲು ನಾನು ಮತ್ತೆ ಏಡಿಯಾದೆ. ಅವಳು ನಗಲಿಲ್ಲ.

“ಸಾಕ್ ಬಿಡು. ನಂದು ಮಾಡಿ ತೋರ್ಸು.”

ಊರ ಮಂದಿಯ ನಡಿಗೆಯೆಲ್ಲ ಮಾಡಿದವನಿಗೆ ಅದೊಂದನ್ನು ಮಾತ್ರ ಮಾಡು ಎಂದು ಯಾರೂ ಹೇಳಿರಲಿಲ್ಲ. ಅವಳು ಹಗ್ಗ ಹಿಡಿದು ಕಾಯುತ್ತ ನಿಂತಳು. ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಹೆಣ್ಣು ನೋಡಲು ಬಂದವರ ಹಾಗೆಯೇ ಪೂರ್ತಿ ನೋಡಿದಳು.

“ಬಲಗಾಲಲ್ಲಲೇ ಹುಚ್ಚಾ,” ಎಂದಳು. “ಎಡಗಾಲು.”