ತಿವಾರಿಜಿಯವರ ಕುರ್ಚಿ

ಮೊನ್ನೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆಯಲಾರದೆ ಒದ್ದಾಡಿದೆ. ಅಸ್ಸಿ ಘಾಟಿನ ಕಡೆಯಿಂದ ಬಂದ ಸಂಶೋಧಕಿಯೊಬ್ಬಳು ನಾಲ್ಕು ಹಾಳೆಯ ಪ್ರಶ್ನಾವಳಿ ಕೊಟ್ಟು ಹೋಗಿದ್ದಳು. ಸರಕಾರಿ ಸಂಸ್ಥೆಗಳಲ್ಲಿ ಕೆಲಸದ ವಾತಾವರಣ ಕಚೇರಿ ನಡೆಸುವವರ ಕಾರ್ಯಕ್ಷಮತೆಯ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಆಕೆಯ ವಿಷಯ. ಬೆಳಕು ಹೇಗಿದೆ, ಗಾಳಿ ಹೇಗಿದೆ, ಗದ್ದಲ ಎಷ್ಟಿದೆ ಎಂದೆಲ್ಲ ಕೇಳಿ ಪ್ರತಿಯೊಂದರ ಮುಂದೆ ಗುರುತು ಹಾಕಲು ಐದೈದು ಚೌಕ ಬಿಟ್ಟಿದ್ದಳು. ನಾನು ಪರೀಕ್ಷೆ ಬರೆಯುವ ಹುಡುಗನ ಹುರುಪಿನಲ್ಲಿ ಗುರುತು ಹಾಕುತ್ತ ಹೋದೆ. 'ನಿಮ್ಮ ಕುರ್ಚಿ ನಿಮಗೆ ಹೊಂದುತ್ತದೆಯೇ?' ಎಂಬಲ್ಲಿ ಪೆನ್ನು ನಿಂತಿತು. ಹೊಂದುತ್ತದೆ, ತುಂಬ ಚೆನ್ನಾಗಿ ಹೊಂದುತ್ತದೆ. ನನ್ನ ಹೆದರಿಕೆಯೇ ಅದು.

ನಾನು ಕಾಶಿಯಲ್ಲೇ ಹುಟ್ಟಿದವನು. ಅಜ್ಜ ಕರ್ನಾಟಕದಿಂದ ಬಂದು ಕೇದಾರ ಘಾಟಿನ ಬಳಿ ನೆಲೆಸಿ, ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತಿದ್ದರು. ಅಪ್ಪನೂ ಅದನ್ನೇ ಮಾಡಿದರು. ನಾನು ಸರಕಾರಿ ಪರೀಕ್ಷೆ ಪಾಸು ಮಾಡಿ, ಸತ್ತವರ ಸಹವಾಸದಿಂದ ಪಾರಾದೆ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಸರಕಾರಕ್ಕೆ ಅದು ಕೇಳಿಸಿತೋ ಏನೋ, ನನ್ನನ್ನು ಒಯ್ದು ಜನನ-ಮರಣ ನೋಂದಣಿ ಕಚೇರಿಗೆ ಹಾಕಿತು. ಅದೂ ಹೆಣ ಸುಡುವ ಹರಿಶ್ಚಂದ್ರ ಘಾಟಿಗೆ ಇಳಿಯುವ ಗಲ್ಲಿಯಲ್ಲಿ. ಹುಟ್ಟಿದವರನ್ನು ಬರೆಯುವವರು ಮಹಡಿಯ ಮೇಲೆ ಕೂರುತ್ತಾರೆ. ನನ್ನ ಕೋಣೆ ಕೆಳಗೆ.

ಆ ಕೋಣೆಗೆ ಹಿಂದೆ ಒಂದು ಕಿಟಕಿಯಿತ್ತು. ಯಾವುದೋ ವರ್ಷ ಗಂಗೆ ಒಳಗೆ ಬಂದ ಮೇಲೆ ಇಟ್ಟಿಗೆ ಇಟ್ಟು ಮುಚ್ಚಿದರು. ನೀರು ನಿಂತಿದ್ದ ಗೆರೆ ಇನ್ನೂ ಗೋಡೆಯ ಮೇಲಿದೆ; ನಾನು ಕುಳಿತರೆ ಸರಿಯಾಗಿ ನನ್ನ ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಕೂಲರ್ ಗಲ್ಲಿಯ ಗಾಳಿಯನ್ನು ಎಳೆದು ಒಳಗೆ ಬಿಡುತ್ತದೆ, ಗಾಳಿಯ ಜೊತೆಗೆ ಸಣ್ಣ ಬೂದಿಯೂ ಬಂದು ಕಾಗದಗಳ ಮೇಲೆ ಕೂರುತ್ತದೆ. ಯಾರ ಬೂದಿಯೋ ಯಾರ ಅರ್ಜಿಯ ಮೇಲೋ. ನಾನು ಊದಿ ಸಹಿ ಮಾಡುತ್ತೇನೆ. ಗೋಡೆಯಾಚೆ 'ರಾಮ್ ನಾಮ್ ಸತ್ಯ ಹೈ' ಎಂಬ ದನಿ ಎಡಗಿವಿಯಿಂದ ಬಲಗಿವಿಗೆ ದಿನವಿಡೀ ಸಾಗುತ್ತದೆ. ಬಲದಿಂದ ಎಡಕ್ಕೆ ಅದು ಬಂದದ್ದನ್ನು ನಾನು ಇದುವರೆಗೆ ಕೇಳಿಲ್ಲ.

ನನಗಿಂತ ಮೊದಲು ಇಲ್ಲಿ ಬಡೇ ಬಾಬು, ಅಂದರೆ ಕಚೇರಿಯ ಹಿರಿಯ ವ್ಯವಸ್ಥಾಪಕರು, ಆಗಿದ್ದವರು ತಿವಾರಿಜಿ. ಅವರು ತೀರಿಕೊಂಡದ್ದು ಈ ಕುರ್ಚಿಯಲ್ಲೇ, ಮಧ್ಯಾಹ್ನ ಮೂರರ ಸುಮಾರಿಗೆ. ಗೊತ್ತಾದದ್ದು ಐದಕ್ಕೆ, ಬೀಗ ಹಾಕಲು ಬಂದ ಪ್ಯೂನ್ ರಾಮ್‌ಧನಿ ಅವರ ಭುಜ ಅಲುಗಿಸಿದಾಗ. ನಡುವಿನ ಎರಡು ಗಂಟೆ ಕಚೇರಿ ಎಂದಿನಂತೆಯೇ ನಡೆದಿತ್ತು. ಜನ ಬಂದು ಅರ್ಜಿಯನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕಾದು, ಸಾಹೇಬರು ನಾಳೆ ಬಾ ಅನ್ನುತ್ತಿದ್ದಾರೆ ಎಂದು ತಾವೇ ಅರ್ಥ ಮಾಡಿಕೊಂಡು ಹೊರಟಿದ್ದರು. ಒಬ್ಬಾತ ಕೈಮುಗಿದು ಧನ್ಯವಾದ ಹೇಳಿ ಹೋದನಂತೆ. ಕಾರ್ಯಕ್ಷಮತೆಯ ಮೇಲೆ ಪ್ರಬಂಧ ಬರೆಯುವವರು ಈ ಎರಡು ಗಂಟೆಯಿಂದಲೇ ಶುರು ಮಾಡಬೇಕೆಂದು ನನ್ನ ಸಲಹೆ.

ಹೊಸ ಆದೇಶ ಬರುವ ತನಕ ಎಂದು ನನ್ನನ್ನು ಅಲ್ಲಿ ಪ್ರಭಾರಿಯಾಗಿ ಕೂರಿಸಿದರು. ನಮ್ಮಲ್ಲಿ ಪ್ರಭಾರಿಗೆ ಬಾಗಿಲ ಮೇಲೆ ಹೆಸರಿಲ್ಲ, ಸ್ವಂತ ಮುದ್ರೆಯೂ ಇಲ್ಲ. ಖಾಯಂ ಆದೇಶ ಬರುವವರೆಗೆ ಹಳೆಯ ಬೋರ್ಡೇ ಇರಬೇಕು, ಹಳೆಯ ಮುದ್ರೆಯನ್ನೇ ಒತ್ತಬೇಕು, ಅದರ ಮೇಲೆ ನಾನು 'ಪರವಾಗಿ' ಎಂದು ಬರೆದು ನನ್ನ ಸಹಿ ಹಾಕಬೇಕು. ಆದೇಶಕ್ಕೆ ಕಾಯುತ್ತ ಮೂರು ವರ್ಷವಾಯಿತು. ಅಂದರೆ ಮೂರು ವರ್ಷದಿಂದ ನಾನು ಒಬ್ಬ ಸತ್ತವರ ಪರವಾಗಿ, ಉಳಿದವರೆಲ್ಲ ಸತ್ತಿದ್ದಾರೆ ಎಂದು ಬರೆದುಕೊಡುತ್ತ ಬಂದಿದ್ದೇನೆ.

ಬೋರ್ಡು ನೋಡಿದವರು ಒಳಗೆ ಬಂದು 'ತಿವಾರಿಜಿ' ಎನ್ನುತ್ತಿದ್ದರು. ಮೊದಮೊದಲು ತಿದ್ದಿದೆ. ನನ್ನ ಹೆಸರು ವೆಂಕಟನರಸಿಂಹ. ಈ ಗಲ್ಲಿಯವರ ಬಾಯಲ್ಲಿ ಅದು ಅರ್ಧ ದಾರಿಯಲ್ಲೇ ಎಡವಿ ಬೀಳುತ್ತದೆ. ಬಂದವರು ದುಃಖದಲ್ಲಿರುತ್ತಾರೆ, ತಲೆ ಬೋಳಿಸಿಕೊಂಡಿರುತ್ತಾರೆ, ಕೆಲವರ ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತದೆ. ಅಂಥವರಿಗೆ ನನ್ನ ಹೆಸರಿನ ಪಾಠ ಮಾಡುವುದೇ? ತಲೆಯಾಡಿಸುವುದು ಸುಲಭವೆನಿಸಿತು, ತಲೆಯಾಡಿಸತೊಡಗಿದೆ.

ಆಮೇಲೆ ಸಣ್ಣಪುಟ್ಟದ್ದೆಲ್ಲ ಬದಲಾಯಿತು. ಡ್ರಾಯರಿನಲ್ಲಿ ಅವರ ಕನ್ನಡಕ ಉಳಿದಿತ್ತು. ನನ್ನದು ಮುರಿದ ದಿನ ಹಾಕಿ ನೋಡಿದರೆ ಅಕ್ಷರಗಳು ನನ್ನ ಕನ್ನಡಕಕ್ಕಿಂತ ಸ್ಪಷ್ಟವಾಗಿ ಕಂಡವು. ಚಹಾಕ್ಕೆ ಸಕ್ಕರೆ ಬೇಡವೆನಿಸಿತು. ಕೆಮ್ಮುವ ಮುಂಚೆ ಮೇಜನ್ನು ಎರಡು ಸಲ ತಟ್ಟುವ ಅಭ್ಯಾಸ ಹತ್ತಿತು. ರಾಮ್‌ಧನಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ಚಹಾದ ಮಣ್ಣಿನ ಕುಲ್ಹಡ್ ಇಟ್ಟು, "ಬಾಬೂ ಭೀ ಫೀಕೀ ಪೀಯತ್ ರಹಲನ್" ಎಂದ, ತಿವಾರಿಜಿಯೂ ಸಪ್ಪೆ ಚಹಾವನ್ನೇ ಕುಡಿಯುತ್ತಿದ್ದರು ಎಂದು. ಹೇಳಿದ ರೀತಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಂದಿನಿಂದ ನನಗೆ ಅವನ ಕಣ್ಣಿಗೆ ಕಣ್ಣು ಕೊಡಲು ಭಯ.

ಯೋಗಿಗಳು ಪರಕಾಯ ಪ್ರವೇಶ ಮಾಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ತಮ್ಮ ದೇಹವನ್ನು ಶಿಷ್ಯರ ಕಾವಲಿನಲ್ಲಿಟ್ಟು ಇನ್ನೊಂದು ದೇಹ ಹೊಕ್ಕು ಬರುತ್ತಿದ್ದರಂತೆ. ಅದಕ್ಕೆ ಮಹಾ ತಪಸ್ಸು ಬೇಕು. ಆದರೆ ಸರಕಾರಿ ಕಚೇರಿಯಲ್ಲಿ ತಪಸ್ಸಿಲ್ಲದೆಯೇ ಇದು ಸಾಧ್ಯ: ಕತ್ತಲೆಯ ಕೋಣೆ, ಹಳೆಯ ಬೋರ್ಡು, ಬಾರದ ಆದೇಶ, ಇಷ್ಟು ಸಾಕು. ಹೊಕ್ಕವರು ಯಾರು, ಬಿಟ್ಟು ಹೋದವರು ಯಾರು ಎಂಬುದು ಮಾತ್ರ ಕಡತದಲ್ಲಿ ಸಿಗುವುದಿಲ್ಲ. ಕಾವಲಿಗೆ ಶಿಷ್ಯರೂ ಇರುವುದಿಲ್ಲ.

ಈ ಸಲದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹೆಂಗಸೊಬ್ಬಳು ಬಂದಳು. ನಲವತ್ತರ ಆಸುಪಾಸು, ಕೈಯಲ್ಲಿ ಅರ್ಜಿ, ಕಿವಿಯಲ್ಲಿ ಫೋನು. ಹೊಸ್ತಿಲ ಮೇಲೆ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದಳು. "ಇಲ್ಲೊಬ್ಬ ತಿವಾರಿ ಅನ್ನೋ ಮುದುಕ ಕುಂತಾನ್ರೀ. ಅಂವಾ ಸಹಿ ಹಾಕಿದ್ರ ನಾ ಇವತ್ತ ಸಂಜೀಗೆ ಗಾಡಿ ಹತ್ತತೀನಿ. ಅಲ್ಲೀತನಕಾ ಹೆಂಗಾರ ಮಾಡಿ ಅಕೀಗೆ ಎರಡು ತುತ್ತು ಉಣಸ್ರಿ."

ಧಾರವಾಡದ ಕನ್ನಡ. ಫೋನಿನ ಮಾತಿನಿಂದಲೇ ಅವಳ ಕಥೆ ಪೂರ್ತಿ ತಿಳಿಯಿತು. ಹೆಸರು ಗಿರಿಜಾ. ತಾಯಿಯ ಜೊತೆ ಯಾತ್ರೆಗೆ ಬಂದಿದ್ದಳು. ತಾಯಿ ಇಲ್ಲೇ ಹೃದಯ ನಿಂತು ತೀರಿಕೊಂಡರು. ಊರಿನಲ್ಲಿ ಸುಮಾ ಎಂಬ ತಂಗಿಯಿದ್ದಾಳೆ, ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದವಳು. ಯಾತ್ರೆ ಮುಗಿಸಿ ಬರುವವರೆಗೆ ಎಂದು ತಾಯಿ ಆಕೆಯನ್ನು ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು. ಸೇರಿಸಿದವರು ಬಂದು ಸಹಿ ಮಾಡದೆ ಅವರು ಹೊರಗೆ ಬಿಡುವುದಿಲ್ಲ. ಸೇರಿಸಿದವರು ಇಲ್ಲ ಎನ್ನಲು ನಮ್ಮ ಕಾಗದ ಬೇಕು. ಹೇಳಿದ ದಿನಕ್ಕೆ ಅಮ್ಮ ಬರಲಿಲ್ಲವೆಂದು ಸುಮಾ ಮೂರು ದಿನದಿಂದ ಗೇಟಿನ ಬಳಿ ಕುಳಿತು ಊಟ ಬಿಟ್ಟಿದ್ದಳು.

ಕನ್ನಡ ನನ್ನ ಗಂಟಲಿನವರೆಗೆ ಬಂತು. ಬನ್ನಿ ಅಮ್ಮ, ಕೂತುಕೊಳ್ಳಿ ಎನ್ನಬೇಕಿತ್ತು. ಬಾಯಿಂದ ಹೊರಟದ್ದು "ಬೈಠಿಯೇ" ಎಂದು. ಅದೂ ಮೇಜನ್ನು ಎರಡು ಸಲ ತಟ್ಟಿ, ಕೆಮ್ಮಿ. ಅವಳು ಹರಕು ಹಿಂದಿಯಲ್ಲಿ ಬೇಡಿಕೊಂಡಳು, ನಾನು ಸರಾಗ ಹಿಂದಿಯಲ್ಲಿ ಉತ್ತರಿಸಿದೆ. ಬೂದಿ ಊದಿ ಸಹಿ ಹಾಕಿಕೊಟ್ಟೆ. ಅವಳು ಕೈಮುಗಿದು, ಬೇರೆ ರಾಜ್ಯಕ್ಕೆ ಒಯ್ಯುವ ಕಾಗದಕ್ಕೆ ಬೇಕಾದ ಇನ್ನೊಂದು ಮುದ್ರೆಗಾಗಿ ಕಂಟೋನ್ಮೆಂಟಿನ ಮುಖ್ಯ ಕಚೇರಿಗೆ ಆಟೋ ಹಿಡಿದಳು.

ಮೂರು ಗಂಟೆಗೆ ಕರೆಂಟು ಹೋಗಿತ್ತು. ಕೂಲರ್ ನಿಂತ ಮೇಲೆ ಆ ಕೋಣೆಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ತಲೆಯೆತ್ತಿದರೆ ಗಿರಿಜಾ ಬಾಗಿಲಾಚೆ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಪ್... ಆಪ್ ತಿವಾರಿ ಹೈಂ?" ಎಂದಳು.

ಮುಖ್ಯ ಕಚೇರಿಯ ಗುಮಾಸ್ತ ಕಾಗದ ನೋಡಿ, ಸಹಿಯನ್ನು ಬೆಳಕಿಗೆ ಹಿಡಿದು, ಕಾಗದವನ್ನು ಕೈಯಿಂದ ಬಿಟ್ಟುಬಿಟ್ಟನಂತೆ. ಈ ಸಹಿ ಮಾಡಿದವರ ತೇರಹ್ವೀಂ ಊಟವನ್ನು, ಎಂದರೆ ಹದಿಮೂರನೆಯ ದಿನದ ಊಟವನ್ನು, ತಾನೇ ಉಂಡು ಬಂದು ಮೂರು ವರ್ಷವಾಯಿತು ಎಂದನಂತೆ. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು. ಆ ಹೊತ್ತಿಗೆ ನನಗೆ ತಿಳಿದದ್ದು ಇಷ್ಟೇ: ನನ್ನ ಎದುರು ಒಬ್ಬಳು ಹೆದರಿ ನಡುಗುತ್ತಿದ್ದಾಳೆ, ಹೆದರಿರುವುದು ನನ್ನನ್ನು ನೋಡಿ.

"ಅಲ್ಲಮ್ಮ. ನಾನು ಅವರಲ್ಲ. ಒಳಗೆ ಬನ್ನಿ" ಎಂದೆ ಕನ್ನಡದಲ್ಲಿ.

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಸತ್ತವರು ಕನ್ನಡವನ್ನೂ ಮಾತಾಡುತ್ತಾರೆ ಎಂದು ಅವಳಿಗನಿಸಿರಬೇಕು, "ಯವ್ವಾ!" ಎಂದು ಚೀರಿ ಗೋಡೆಗೆ ಒರಗಿಬಿಟ್ಟಳು. ರಾಮ್‌ಧನಿ ನೀರು ತಂದು, "ಜಿಂದಾ ಹೈಂ, ಬಹಿನ್‌ಜೀ, ಜಿಂದಾ ಹೈಂ" ಎಂದು ನಾನು ಬದುಕಿರುವುದಕ್ಕೆ ಸಾಕ್ಷಿ ಹೇಳಿದ. ಹೇಳುವ ಮುಂಚೆ ಒಮ್ಮೆ ನನ್ನ ಕಡೆ ನೋಡಿದ್ದು ನನ್ನ ಕಣ್ಣು ತಪ್ಪಲಿಲ್ಲ.

ನೀರು ಕುಡಿದ ಮೇಲೆ ಅವಳ ಹೆದರಿಕೆ ಸಿಟ್ಟಿಗೆ ತಿರುಗಿತು. "ಮುಂಜಾನೆ ನಾ ಮಾತಾಡಿದ್ದೆಲ್ಲಾ ನಿಮಗ ತಿಳೀತಿತ್ತಲ್ರೀ? ಮತ್ತ ಯಾಕ ಸುಮ್ಮ ಕುಂತ್ರಿ?"

ಐವತ್ತೈದು ವರ್ಷದ ಬದುಕಿನಲ್ಲಿ ನಾನು ಅಷ್ಟು ನಾಚಿದ್ದಿಲ್ಲ. ಎದ್ದು ರಿಜಿಸ್ಟರುಗಳನ್ನು ಇಳಿಸಿ, ಬಾಗಿಲ ಬೆಳಕಿಗೆ ತಂದು ತಿರುವಿದೆ. ಮೊದಲ ವರ್ಷ 'ಪರವಾಗಿ' ಎಂದು ಸ್ಪಷ್ಟವಾಗಿ ಬರೆದು ಕೆಳಗೆ ನನ್ನ ಸಹಿ. ಆಮೇಲೆ 'ಪರವಾಗಿ' ಬರಿಯ ಒಂದು ಗೀಟಾಯಿತು, ಗೀಟು ಚುಕ್ಕೆಯಾಯಿತು, ಚುಕ್ಕೆಯೂ ಹೋಯಿತು. ನನ್ನ ಸಹಿಯ ಬಾಲ ಮೆಲ್ಲಗೆ ಮೇಲಕ್ಕೆ ಬಾಗತೊಡಗಿತ್ತು, ಅವರದು ಬಾಗುತ್ತಿದ್ದಂತೆ. ಕೊನೆಯ ಪುಟಗಳಲ್ಲಿ ಅಚ್ಚುಕಟ್ಟಾಗಿ ತಿವಾರಿಜಿಯ ಸಹಿಯೇ ಇತ್ತು. ನಾನು ಹಾಕಿದ ನೆನಪಿಲ್ಲ, ಕೈ ಮಾತ್ರ ನನ್ನದೇ. ಯಾವ ದಿನ ಒಂದು ಹೋಗಿ ಇನ್ನೊಂದು ಬಂತು ಎಂದು ಪುಟ ಪುಟ ಹುಡುಕಿದೆ. ಊರವರ ಮರಣದ ದಿನಾಂಕವನ್ನೆಲ್ಲ ಖಚಿತವಾಗಿ ಬರೆಯುವ ನನಗೆ ನನ್ನ ದಿನಾಂಕ ಸಿಗಲಿಲ್ಲ.

ಈಗ ಹೊಸ ಸಹಿ ಹಾಕಬೇಕೆಂದರೆ ಹಳೆಯದು ಸುಳ್ಳೆಂದು ಬರೆದುಕೊಡಬೇಕು. ಒಂದನ್ನು ಒಪ್ಪಿಕೊಂಡರೆ ಉಳಿದವನ್ನೂ ತೆಗೆಯುತ್ತಾರೆ, ಕೆಲಸವೇ ಹೋಗಬಹುದು. ರಾಮ್‌ಧನಿ, ಕಾಗದ ನೆನೆದು ಹಾಳಾಯಿತು ಎಂದು ಬರೆದು ಇನ್ನೊಂದು ಕೊಡಿ ಎಂದು ಉಪಾಯ ಹೇಳಿಕೊಟ್ಟ. ಒಳ್ಳೆಯ ಉಪಾಯ. ಹಾಗೇ ಮಾಡುತ್ತಿದ್ದೆನೇನೋ, ಅಷ್ಟರಲ್ಲಿ ಗಿರಿಜಾಳ ಫೋನು ಹೊಡೆದುಕೊಂಡಿತು. ಅವಳು ಕೇಳಿಸಿಕೊಂಡು, "ಇನ್ನೂ ಗೇಟಿನ ಹತ್ರನ ಕುಂತಾಳಾ?" ಎಂದಷ್ಟೇ ಹೇಳಿ ನನ್ನ ಮುಖ ನೋಡಿದಳು.

ಹಳೆಯ ಸಹಿ ಸುಳ್ಳೆಂದು ಬರೆದೆ. 'ತಪ್ಪಿಗೆ ಕಾರಣ' ಎಂಬಲ್ಲಿ ಬೆಳಕಿಲ್ಲ, ಗಾಳಿಯಿಲ್ಲ, ಆದೇಶ ಬಂದಿಲ್ಲ ಎಂದು ಬರೆಯಬಹುದಿತ್ತು, ಮೂರೂ ನಿಜ. ಆದರೆ ಕೋಣೆ ನನ್ನನ್ನು ಬೇರೆ ಹೆಸರಿನಿಂದ ಕರೆದಿರಲಿಲ್ಲ, ಕರೆದವರಿಗೆ ಓಗೊಟ್ಟವನು ನಾನು. ಅದನ್ನೇ ಬರೆದು, ರಿಜಿಸ್ಟರುಗಳನ್ನು ಕಂಕುಳಲ್ಲಿಟ್ಟುಕೊಂಡು, ಅವಳ ಜೊತೆ ಆಟೋದಲ್ಲಿ ಕಂಟೋನ್ಮೆಂಟಿಗೆ ಹೋದೆ. ತೇರಹ್ವೀಂ ಉಂಡಿದ್ದ ಗುಮಾಸ್ತ ನನ್ನ ಹೊಸ ಸಹಿಯನ್ನು ನೋಡಿ, ನನ್ನನ್ನು ನೋಡಿ, ಮುದ್ರೆ ಒತ್ತಿದ. ಅವಳು ಸಂಜೆಯ ಗಾಡಿ ಹತ್ತಿದಳು. ಹೊರಡುವಾಗ ನನ್ನ ಹೆಸರನ್ನು ಪೂರ್ತಿ ಕೇಳಿ, ಮೊಬೈಲ್ ನಂಬರಿನ ಜೊತೆ ಬರೆದುಕೊಂಡಳು. ದೂರು ಕೊಡಲಿಕ್ಕೆ ಎಂದು ನಾನು ತಿಳಿದೆ.

ನನ್ನ ಮೇಲೆ ವಿಚಾರಣೆ ಇನ್ನೂ ನಡೆಯುತ್ತಿದೆ. ಹಳೆಯ ಕಾಗದಗಳನ್ನು ಒಂದೊಂದಾಗಿ ತರಿಸಿ ನನ್ನ ಹೆಸರಿನಲ್ಲಿ ಮತ್ತೆ ಸಹಿ ಮಾಡುತ್ತಿದ್ದೇನೆ. ಕೈ ಈಗಲೂ ಬಾಲವನ್ನು ಮೇಲಕ್ಕೆ ಎಳೆಯಲು ನೋಡುತ್ತದೆ, ಎಡಗೈಯಿಂದ ಹಿಡಿದು ನಿಲ್ಲಿಸುತ್ತೇನೆ.

ಅವಳು ಹೋಗಿ ವಾರದ ಮೇಲೆ, ಕಚೇರಿಯಲ್ಲಿ ಕುಳಿತಿದ್ದಾಗ, ನನ್ನ ಮೊಬೈಲಿಗೆ ಕರೆ ಬಂತು. "ಸುಮಾ ಮನೀಗೆ ಬಂದ್ಲ್ರೀ. ಉಂಡ್ಲು. ಯಾರು ಕಳಿಸಿದ್ರು ಅಂತ ಕೇಳಿದ್ಲು, ನಿಮ್ಮ ಹೆಸರು ಹೇಳ್ದೆ. ಹೊಸಾ ಹೆಸರು ಸಿಕ್ರ ಇಕಿ ದಿನಾ ಪೂರ್ತಿ ಅದನ್ನ ಹೇಳ್ತಾಳ. ಕೇಳ್ರಿ" ಎಂದು ಫೋನನ್ನು ಆಕೆಯ ಹತ್ತಿರ ಹಿಡಿದಳು.

ಈ ವಯಸ್ಸಿನಲ್ಲಿ ನಮ್ಮ ಹೆಸರು ಹಿಡಿದು ಕರೆಯುವವರು ಯಾರಿರುತ್ತಾರೆ ಹೇಳಿ. ಹೆಂಡತಿಗೆ ನಾನು 'ರೀ', ಮಕ್ಕಳಿಗೆ 'ಪಾಪಾ', ಊರಿಗೆ 'ಬಡೇ ಬಾಬು'. ಅಮ್ಮ ಹೋದ ಮೇಲೆ ಯಾರೂ ಕರೆದಿರಲಿಲ್ಲ. ಈಗ ಸಾವಿರ ಮೈಲಿ ದೂರದಲ್ಲಿ, ನಾನು ನೋಡೇ ಇರದ ಒಬ್ಬಳು, ಒಂದಕ್ಷರವನ್ನೂ ಬಿಡದೆ, ವೆಂಕಟನರಸಿಂಹ, ವೆಂಕಟನರಸಿಂಹ ಎನ್ನುತ್ತಿದ್ದಳು. ನನ್ನ ಕಣ್ಣು ತುಂಬಿಬಂತು.

ಎದುರಿಗೆ ಬಂದು ನಿಂತವರು ಯಾರೋ "ತಿವಾರಿಜಿ" ಎಂದರು. ಸ್ವಲ್ಪ ತಡೆದು ಮತ್ತೊಮ್ಮೆ ಎಂದರು. ನಾನು ತಲೆಯೆತ್ತಲಿಲ್ಲ. ಎಂಥ ಒರಟ ಎಂದುಕೊಂಡಿರಬೇಕು. ಆದರೆ ಮೂರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕುಳಿತು ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ನನ್ನ ನಂಬಿಕೆ.