ಕತ್ತಿನ ಮೇಲಿನ ಅಂಗೈ

ಕಲಸಿಟ್ಟ ಮೆಹಂದಿಯ ವಾಸನೆ ಬಂದರೆ ಉಳಿದ ಹೆಂಗಸರಿಗೆ ಮದುವೆ ಮನೆ ನೆನಪಾಗುತ್ತದೆ. ನನಗೆ ಕುದುರೆ ನೆನಪಾಗುತ್ತದೆ.

ಕಳೆದ ತಿಂಗಳು ದೆಹಲಿಯ ಜನಕಪುರಿಯಲ್ಲಿ ನನ್ನ ಓರಗಿತ್ತಿಯ ಮಗಳ ಮೆಹಂದಿ ಇತ್ತು. ಹಾಲ್‌ನಲ್ಲಿ ಜಮಖಾನ ಹಾಸಿ ಹೆಂಗಸರೆಲ್ಲ ಸಾಲಾಗಿ ಕೂತಿದ್ದೆವು. ನೀಲಗಿರಿ ಎಣ್ಣೆ, ಚಹಾದ ಡಿಕಾಕ್ಷನ್, ಹಸಿ ಸೊಪ್ಪು ಎಲ್ಲ ಬೆರೆತ ಆ ತಂಪು ವಾಸನೆಯ ಬಟ್ಟಲು ಕೈಯಿಂದ ಕೈಗೆ ದಾಟುತ್ತ ಬಂತು. ನನ್ನ ಎಡಗಡೆ ಕೂತವರ ತನಕ ಬಂದು, ಅಲ್ಲಿಂದ ನನ್ನ ಮಡಿಲ ಮೇಲಿಂದಲೇ ಹಾದು ಬಲಗಡೆಯವರ ಕೈ ಸೇರಿತು. ನನ್ನ ಯಜಮಾನರು ತೀರಿಕೊಂಡ ಮೇಲೆ ಕುಂಕುಮದ ತಟ್ಟೆ, ಹೂವಿನ ಬುಟ್ಟಿ ಎಲ್ಲವೂ ಹೀಗೆ ನನ್ನನ್ನು ಹಾರಿ ಹೋಗುವುದು ರೂಢಿಯಾಗಿದೆ. ರೂಢಿಯಾಗಿರುವುದು ಅವರಿಗೆ. ನನಗೆ ಇನ್ನೂ ಆಗಿಲ್ಲ, ಆಗುವುದೂ ಬೇಡ.

ಬಟ್ಟಲನ್ನು ದಾಟಿಸಬಹುದು, ವಾಸನೆಯನ್ನು ದಾಟಿಸಲು ಬರುತ್ತದೆಯೇ? ಅದು ನೇರ ಮೂಗಿಗೆ ಬಂತು. ಅದರ ಹಿಂದೆಯೇ ಘಾಜಿಯಾಬಾದಿನ ಆ ಬಯಲು, ಬಿಳಿ ಕುದುರೆಗಳು, ನಮ್ಮ ಚಾಚಿ...

ಆಗ ನಾವು ಘಾಜಿಯಾಬಾದಿನಲ್ಲಿ ಮೊದಲನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿದ್ದೆವು. ಇಬ್ಬರಿಗೂ ದೆಹಲಿಯಲ್ಲಿ ಕೆಲಸ, ಬಾಡಿಗೆ ಕಟ್ಟಲು ತಾಕತ್ತಿದ್ದದ್ದು ಘಾಜಿಯಾಬಾದಿನಲ್ಲಿ. ಬಾಲ್ಕನಿಯ ಹಿಂದೆ ಕಟ್ಟಡ ಏಳದ ಒಂದು ಬಯಲು. ಅಲ್ಲಿ ಮೂರು ಬಿಳಿ ಹೆಣ್ಣು ಕುದುರೆಗಳು ಮೇಯುತ್ತಿದ್ದವು. ಈ ಕಡೆ ಮದುವೆಯಲ್ಲಿ ವರ ಮೆರವಣಿಗೆ ಬರುವುದು ಇಂಥ ಬಿಳಿ ಕುದುರೆಯ ಮೇಲೆ. ಇವರು ಅದನ್ನು ಘೋಡಿ ಅನ್ನುತ್ತಾರೆ.

ಒಂದು ಭಾನುವಾರ ಬಾಲ್ಕನಿಯಲ್ಲಿ ನಿಂತು ದಾವಣಗೆರೆಯಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಇಲ್ಲಿ ಯಾರಿಗೆ ಕನ್ನಡ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ದನಿ ಏರಿಸಿದ್ದೆ. ಕೆಳಗಿನಿಂದ ಒಂದು ದನಿ ಬಂತು.

"ತಾಯಿಗಿ ಹಂಗ ಬೈಬ್ಯಾಡ ಬೇಟಾ. ಪಾಪ, ಎಷ್ಟ್ ದೂರಿಂದ ಫೋನ್ ಮಾಡ್ಯಾಳ."

ಬಗ್ಗಿ ನೋಡಿದರೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು. ತಲೆ ಮೇಲೆ ದುಪಟ್ಟಾ, ಕಾಲಲ್ಲಿ ಗಂಡಸರ ರಬ್ಬರ್ ಬೂಟು. ಫೋನಿನ ಆ ಕಡೆ ಅಮ್ಮ, "ಯಾರೇ ಅದು, ಚೆನ್ನಾಗಿ ಹೇಳಿದರು," ಎಂದು ಖುಷಿಪಟ್ಟಳು.

ಗಲ್ಲಿಗೆಲ್ಲ ಅವರು ಚಾಚಿ, ಅಂದರೆ ಚಿಕ್ಕಮ್ಮ. ಬೀದರಿನ ಕಡೆಯವರು. ಕುದುರೆ ವ್ಯಾಪಾರಕ್ಕೆ ಆ ಕಡೆ ಬಂದಿದ್ದ ಘಾಜಿಯಾಬಾದಿನವನ ಜೊತೆ ನಿಕಾಹ್ ಆಗಿ, ಹದಿಹರೆಯದಲ್ಲೇ ಇಲ್ಲಿಗೆ ಬಂದವರು. ಗಂಡ ಹೋದ ಮೇಲೆ ಮೈದುನ ಕುದುರೆಗಳನ್ನು ಮಾರಿಬಿಡು ಅಂದ. ಹೆಂಗಸು ಘೋಡಿ ಸಾಕುವುದುಂಟೇ, ಅದರಲ್ಲೂ ಗಂಡ ಸತ್ತವಳು? ಚಾಚಿ ಮಾರಲಿಲ್ಲ. ಸಾಕುವುದೆಲ್ಲ ತಾವು, ಮೆರವಣಿಗೆಗೆ ಕರೆದೊಯ್ಯಲು ಲಗಾಮು ಹಿಡಿಯುವ ಒಬ್ಬ ಭಯ್ಯಾನನ್ನು ಇಟ್ಟುಕೊಂಡಿದ್ದರು. ಮದುವೆಯ ಬಾಗಿಲಿಗೆ ಅವರು ಹೋಗುವಂತಿರಲಿಲ್ಲ. ಸಿಂಗರಿಸಿ ಬಯಲಿನ ಗೇಟಿನ ತನಕ ಕಳಿಸಿ, ಅಲ್ಲೇ ನಿಂತುಬಿಡುತ್ತಿದ್ದರು.

ಆ ಕುದುರೆಗಳ ಬಿಳುಪೇ ಬಿಳುಪು. ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರಿನಲ್ಲಿ ಮೀಯಿಸುತ್ತಿದ್ದರು. ಗಂಡ ಇದ್ದಾಗ ಒಬ್ಬ ಪಶುವೈದ್ಯರು, ಗುರುತಿಗೆ ಒಂದು ಚಿಕ್ಕ ಬರೆ ಹಾಕಿಸಿಡಿ ಎಂದಿದ್ದರಂತೆ. ಗಂಡ ಒಪ್ಪಲಿಲ್ಲ. "ಒಂದ್ ಚುಕ್ಕಿ ಇದ್ರೂ ಮದಿವಿಗಿ ಬ್ಯಾಡ ಅಂತಾರ," ಎಂದು ಚಾಚಿಯೂ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಅವರ ಕಸುಬಿನಲ್ಲಿ ಕಲೆಯಿಲ್ಲದ ಕುದುರೆಯೇ ಕುದುರೆ.

ಒಂದು ವರ್ಷ ದೀಪಾವಳಿಗೆ ಮುಂಚೆ, ಮದುವೆಯ ಕಾಲ ಇನ್ನೇನು ಶುರುವಾಗಬೇಕು, ಸುತ್ತಮುತ್ತ ಕುದುರೆಗಳು ಕಾಣೆಯಾಗತೊಡಗಿದವು. ಸೀಸನ್ನಿಗೆ ಬಿಳಿ ಘೋಡಿಗೆ ಎಲ್ಲಿಲ್ಲದ ಬೇಡಿಕೆ. ಪಿಕಪ್ ಗಾಡಿ ತಂದು ಹತ್ತಿಸಿಕೊಂಡು ಹೋದರೆ ಮುಗಿಯಿತು. ಚಾಚಿ ಗೇಟಿಗೆ ಸರಪಳಿ ಹಾಕಿದರು. ತಂತಿ ಬೇಲಿಗೆ ಖಾಲಿ ಡಬ್ಬಗಳನ್ನು ಕಟ್ಟಿದರು. ಮುರುಕು ಗಾಡಿಯೊಂದನ್ನು ಗೇಟಿಗೆ ಅಡ್ಡ ನಿಲ್ಲಿಸಿ, ತಮ್ಮ ಹಗ್ಗದ ಮಂಚ ಚಾರ್ಪಾಯಿಯನ್ನು ಬಯಲಿಗೇ ತಂದುಕೊಂಡರು. ನನ್ನ ಯಜಮಾನರು ಬಾಲ್ಕನಿಯಿಂದ ಬಯಲಿಗೆ ಬೆಳಕು ಬೀಳುವಂತೆ ದೊಡ್ಡ ಬಲ್ಬು ಹಾಕಿಸಿದರು. "ಬಾಡಿಗೆ ಮನೆ, ಕರೆಂಟು ನಮ್ಮದು, ಕುದುರೆ ಅವರದ್ದು," ಎಂದು ನಾನು ಗೊಣಗಿದೆ. "ಬಾಯಿ ಮಾತ್ರ ನಿಮ್ಮಿಬ್ಬರದೂ ಒಂದೇ," ಅಂದರು ಅವರು.

ಇಷ್ಟೆಲ್ಲ ಆಗಿಯೂ ಒಂದು ಬೆಳಿಗ್ಗೆ ಬಾಲ್ಕನಿಗೆ ಬಂದು ನೋಡಿದರೆ ಎರಡೇ ಕುದುರೆ. ಚಾಚಿ ಜ್ವರವೆಂದು ಹಿಂದಿನ ರಾತ್ರಿ ಒಳಗೆ ಮಲಗಿದ್ದರು, ಅಷ್ಟೇ ಸಾಕಾಗಿತ್ತು. ಹಿಂದಿನ ಬೇಲಿಯ ತಂತಿ ಕತ್ತರಿಸಿ ಬಿದ್ದಿತ್ತು. ಹೋದದ್ದು ಅವುಗಳಲ್ಲೇ ಚಿಕ್ಕದು, ಚಾಚಿಯ ಕೈಯಲ್ಲೇ ಹುಟ್ಟಿದ್ದು.

ಪೊಲೀಸ್ ಚೌಕಿಗೆ ನಾನೂ ಹೋದೆ. ಅಲ್ಲಿದ್ದವರು ಒರಟಾಗೇನೂ ಮಾತಾಡಲಿಲ್ಲ. "ನಿಶಾನಿ ಕ್ಯಾ ಹೈ, ಚಾಚಿ?" ಎಂದು ಕೇಳಿದರು. ಗುರುತು ಏನು? ಬಿಳಿ ಕುದುರೆ. ಕಲೆಯಿಲ್ಲ, ಚುಕ್ಕಿಯಿಲ್ಲ. ಇಷ್ಟು ದಿನ ಯಾವುದು ಅದರ ಮರ್ಯಾದೆಯಾಗಿತ್ತೋ ಅದೇ ಈಗ ಕೈಕೊಟ್ಟಿತ್ತು.

ವಾರದೊಳಗೆ ಕುದುರೆ ಸಿಕ್ಕಿತು! ಹಿಂಡನ್ ನದಿಯ ಆಚೆ ಒಬ್ಬರ ಲಾಯದಲ್ಲಿ ನೋಡಿದೆ ಎಂದು ಲಗಾಮಿನ ಭಯ್ಯಾ ಓಡಿ ಬಂದ. ಚೌಕಿಗೆ ತಿಳಿಸಿ, ಚಾಚಿ ಮತ್ತು ನಾನು ಆಟೋದಲ್ಲಿ ಹೋದೆವು. ಚಾಚಿ ಇಳಿದು ಕೆಮ್ಮಿದರು, ಅಷ್ಟೇ. ಸಾಲಿನ ಕೊನೆಯಲ್ಲಿದ್ದ ಕುದುರೆ ಕೆನೆದು, ಹಗ್ಗ ಜಗ್ಗಿಕೊಂಡು ಬಂದು ಅವರ ಹೆಗಲ ಮೇಲೆ ಗದ್ದ ಇಟ್ಟಿತು. ಲಾಯದವನು ಮಾತ್ರ ಹಲ್ಲು ಕಡ್ಡಿ ಆಡಿಸುತ್ತ, "ಕಡಲೆ ವಾಸನೆ ಇದ್ದ ಕೈಗೆ ಯಾವ ಪ್ರಾಣಿಯಾದರೂ ಬರುತ್ತದೆ. ಇದು ನಾನು ಕೊಂಡ ಕುದುರೆ. ನಿಮ್ಮದಾದರೆ ಗುರುತು ತೋರಿಸಿ," ಅಂದ. ನಾನು ಹಿಂದಿ, ಕನ್ನಡ, ಇಂಗ್ಲಿಷು ಮೂರರಲ್ಲೂ ಕೂಗಾಡಿದೆ. ಚೌಕಿಯಿಂದ ಬಂದವರು ಕೈ ಚೆಲ್ಲಿದರು. ಚಾಚಿ ಅದರ ಮೂಗು ಸವರಿ, "ಚಲೋ," ಅಂದರು. ಹೋಗೋಣ ಎಂದು ನನಗೆ ಹೇಳಿದರೋ ಕುದುರೆಗೆ ಹೇಳಿದರೋ... ನಾವಿಬ್ಬರೇ ಹೊರಟೆವು. ಅದು ಹಿಂದಿನಿಂದ ಕೆನೆಯುತ್ತಲೇ ಇತ್ತು.

ಆಟೋದಲ್ಲಿ ಅವರು ಅಳಲಿಲ್ಲ. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಲ್ಲಿಸಿ ಮೆಹಂದಿ ಪುಡಿ ಕೊಂಡರು. ಒಂದು ಪೊಟ್ಟಣವಲ್ಲ, ಅಂಗಡಿಯಲ್ಲಿದ್ದಷ್ಟೂ.

ಮರುದಿನ ಹಗಲು, ಇಡೀ ಗಲ್ಲಿ ನೋಡುತ್ತಿರುವಾಗ, ಚಾಚಿ ಬಕೆಟ್ಟಿನಲ್ಲಿ ಮೆಹಂದಿ ಕಲಸಿದರು. ತಮ್ಮ ಬಲಗೈಯನ್ನು ಮಣಿಕಟ್ಟಿನ ತನಕ ಅದ್ದಿ, ಉಳಿದ ಎರಡು ಕುದುರೆಗಳ ಕತ್ತಿನ ಎರಡೂ ಕಡೆ ಅಂಗೈ ಒತ್ತಿ ಹಿಡಿದರು. ಒಣಗುವ ತನಕ ಜೊತೆಗೇ ನಿಂತರು. ಸಂಜೆ ತೊಳೆದಾಗ ಬಿಳಿ ಕತ್ತಿನ ಮೇಲೆ ಐದು ಬೆರಳೂ ಬಿಚ್ಚಿದ ಕಿತ್ತಳೆ ಬಣ್ಣದ ಕೈ. ಹೊಲಿಗೆ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾಗಿದ್ದ ಅವರ ತೋರುಬೆರಳೂ ಸೊಟ್ಟಗೇ ಮೂಡಿತ್ತು. ಆ ಕೈ ಬೇರೆ ಯಾರದ್ದೂ ಆಗಲು ಸಾಧ್ಯವಿರಲಿಲ್ಲ.

ಸುದ್ದಿ ತಿಳಿದು ಮೈದುನ ಬಂದ. ಅವನ ಕೂಗಾಟ ಬಾಲ್ಕನಿಯ ತನಕ ಕೇಳಿಸಿತು. ಗಂಡ ಸತ್ತವಳ ಕೈ ಮೂಡಿದ ಕುದುರೆಯ ಮೇಲೆ ಯಾರು ಮದುಮಗನನ್ನು ಕೂರಿಸುತ್ತಾರೆ? ಹಚ್ಚಲೇಬೇಕಿದ್ದರೆ ಬೆನ್ನಿಗೆ ಹಚ್ಚಬಾರದಿತ್ತೇ, ಜರಿಯ ಹೊದಿಕೆಯಲ್ಲಿ ಮುಚ್ಚಿಹೋಗುತ್ತಿತ್ತು! ಅವನು ಹೋದ ಮೇಲೆ ನಾನು ಕೆಳಗಿಳಿದೆ. ನಿಜ ಹೇಳಬೇಕೆಂದರೆ ಬೆನ್ನಿನ ಮಾತು ನನಗೂ ಸರಿಯೆನಿಸಿತ್ತು.

"ಮುಚ್ಚಿಡೋ ಗುರ್ತು ಎಂಥಾ ಗುರ್ತು?" ಅಂದರು ಚಾಚಿ. "ಇದೇ ಕೈ ವರ್ಷ ಪೂರಾ ಕಡ್ಲಿ ತಿನ್ನಸ್ತದ, ಲದ್ದಿ ಬಳೀತದ. ಆವಾಗ ಅಪಶಕುನ ಇಲ್ಲ. ಕತ್ತಿನ ಮ್ಯಾಲ ಕಂಡ್ರ ಅಪಶಕುನ ಏನ?"

"ತೊಳೆದರೂ ಹೋಗಲ್ವಲ್ಲ ಚಾಚಿ, ಸೀಸನ್ ಕಥೆ ಏನು?"

"ಹೋಗಬಾರ್ದಂತೇ ಹಚ್ಚೀನಿ."

ಸೀಸನ್ ಹೆಚ್ಚುಕಡಿಮೆ ಹೋಯಿತು. ಬುಕ್ ಮಾಡಿದವರು ಒಬ್ಬೊಬ್ಬರಾಗಿ ಬೇರೆ ಘೋಡಿ ಹಿಡಿದರು. ಕೆಲವರು ಗೇಟಿನ ತನಕ ಬಂದು, ಕತ್ತು ನೋಡಿ, ಗಾಡಿ ತಿರುಗಿಸಿದರು. ಬೋಳಿಸಿಬಿಡಿ ಎಂದು ಸಲಹೆ ಕೊಟ್ಟವರೂ ಉಂಟು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಮ್ಮ ಕಟ್ಟಡಕ್ಕೆ ಆಗಷ್ಟೇ ಬಂದಿದ್ದ ಕನ್ನಡದವರೊಬ್ಬರು ನಕ್ಕರು. ಒಳಗೆ ಇನ್ನೂ ಎರಡು ಜೀವ ಇವೆ ಸ್ವಾಮಿ ಎಂದೆ. ಚಾಚಿ ಆ ಚಳಿಗಾಲವೆಲ್ಲ ಹೊಲಿಗೆ ಹಿಡಿದರು. ಬಯಲಿನಲ್ಲಿ, ಕುದುರೆಗಳ ಪಕ್ಕದಲ್ಲೇ ಯಂತ್ರ ಇಟ್ಟುಕೊಂಡು, ಗಲ್ಲಿಯ ಹೆಂಗಸರ ಕುರ್ತಾಗಳನ್ನು ಹೊಲಿದರು. ಕಡಲೆ ಮಾತ್ರ ಕಡಿಮೆ ಮಾಡಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಹಿರಿಯ ಕುದುರೆಯೂ ಕಳುವಾಯಿತು. ನಾಲೆಯ ಬಳಿ ಮೇಯಿಸಲು ಒಯ್ದಿದ್ದ ಭಯ್ಯಾ ಚಹಾ ಕುಡಿದು ಬರುವಷ್ಟರಲ್ಲಿ ಗಾಡಿಗೆ ಹತ್ತಿಸಿಬಿಟ್ಟಿದ್ದರು. ಅವನು ತಲೆ ಮೇಲೆ ಕೈ ಹೊತ್ತು ಬಂದ. ಚಾಚಿ ಕೇಳಿದ್ದು ಒಂದೇ, ಮೆಹಂದಿ ಸರಿಯಾಗಿ ಕಾಣುತ್ತಿತ್ತೇ ಎಂದು.

ಮರುದಿನ ಸಂಜೆ ಹೆದ್ದಾರಿಯ ಢಾಬಾದಿಂದ ಯಾರೋ ಫೋನ್ ಮಾಡಿದರು. ಪಂಜೇವಾಲಿ ಘೋಡಿ, ಅಂದರೆ ಕೈಗುರುತಿನ ಕುದುರೆ, ಇಲ್ಲಿ ಒಂಟಿಯಾಗಿ ನಿಂತಿದೆ, ಬಂದು ಕರೆದುಕೊಂಡು ಹೋಗಿ ಎಂದು. ಕದ್ದವರು ಎರಡು ಕಡೆ ಮಾರಲು ನೋಡಿದ್ದರಂತೆ. ಎರಡೂ ಕಡೆ ಕತ್ತು ನೋಡಿದವರೇ, ಇದು ಬಯಲಿನ ವಿಧವೆಯದ್ದು, ನಮಗೆ ಬೇಡ ಅಂದರಂತೆ. ಕೊನೆಗೆ ಮಾರಲೂ ಆಗದೆ ಇಟ್ಟುಕೊಳ್ಳಲೂ ಆಗದೆ ದಾರಿಯಲ್ಲೇ ಇಳಿಸಿ ಓಡಿದ್ದರು.

ಚಾಚಿ ಆಟೋ ಹತ್ತಲಿಲ್ಲ. ಲಗಾಮನ್ನು ಭಯ್ಯಾನ ಕೈಗೂ ಕೊಡಲಿಲ್ಲ. ಪೇಟೆಯ ನಡುವೆ, ಬ್ಯಾಂಡಿನವರ ಅಂಗಡಿಗಳ ಮುಂದೆ, ಬುಕಿಂಗ್ ಬಿಟ್ಟವರ ಮನೆಗಳ ಮುಂದೆ, ತಾವೇ ಹಿಡಿದುಕೊಂಡು ನಡೆಸಿಕೊಂಡು ಬಂದರು. ರಬ್ಬರ್ ಬೂಟಿನ ಸದ್ದು, ಲಾಳದ ಸದ್ದು. ಮೈದುನ ತನ್ನ ಬಾಗಿಲಲ್ಲಿ ನಿಂತಿದ್ದ. ಅವನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬಾಲ್ಕನಿಯಲ್ಲಿ ನನ್ನ ಯಜಮಾನರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ...

ಮುಂದಿನ ದೀಪಾವಳಿಗೆ ಆ ಕಡೆಯ ಬಹುಪಾಲು ಘೋಡಿಗಳ ಕತ್ತಿನ ಮೇಲೂ ಸಾಕಿದವರ ಕೈಗಳು ಮೂಡಿದವು. ಕೊಂಕು ತೆಗೆಯುತ್ತಿದ್ದವರಿಗೆ ಬೇರೆ ದಾರಿಯಿರಲಿಲ್ಲ. ಚಾಚಿಯ ಗೇಟಿಗೂ ಬುಕಿಂಗ್ ತಿರುಗಿ ಬಂತು. ಹಿಂಡನ್ ಆಚೆಯ ಆ ಚಿಕ್ಕದು ಮಾತ್ರ ಬರಲಿಲ್ಲ. ಅದರ ಮಾತೆತ್ತಿದರೆ ಚಾಚಿ ಎದ್ದು ಹೋಗಿ ಹುಲ್ಲು ಹಾಕುತ್ತಿದ್ದರು.

ನಾವು ಮನೆ ಬದಲಿಸಿದೆವು. ಬಯಲಿನಲ್ಲಿ ಕಟ್ಟಡ ಎದ್ದಿತು. ಚಾಚಿ ಹೋದ ಸುದ್ದಿ ಲಗಾಮಿನ ಭಯ್ಯಾನಿಂದ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ. ಆಗ ನನ್ನ ಮನೆಯಲ್ಲೇ ಆಸ್ಪತ್ರೆಯ ಓಡಾಟ ಶುರುವಾಗಿತ್ತು.

ಜನಕಪುರಿಯ ಆ ಹಾಲ್‌ನಲ್ಲಿ ಬಟ್ಟಲು ಸಾಲಿನ ಕೊನೆ ಮುಟ್ಟಿತ್ತು. ನಾನು ಎದ್ದು ಹೋಗಿ ಅದನ್ನು ತಂದುಕೊಂಡೆ. ಮೆಹಂದಿ ಹಚ್ಚುವ ಹುಡುಗಿ, "ಡಿಸೈನ್, ಆಂಟಿ?" ಅಂದಳು. ಡಿಸೈನ್ ಬೇಡವೆಂದು ಬಲಗೈಯನ್ನೇ ಅದರೊಳಗೆ ಅದ್ದಿದೆ. ಓರಗಿತ್ತಿ ಹತ್ತಿರ ಬಂದು ಮೆಲ್ಲಗೆ, "ಏ, ಏನೇ ಇದು, ನಾಡಿದ್ದು ಬೀಗರೆಲ್ಲ ಬರ್ತಾರೆ. ಅಷ್ಟರಲ್ಲಿ ಹೋಗಲ್ಲ ಕಣೇ ಅದು," ಅಂದಳು.

"ಹೋಗಬಾರದು ಅಂತಲೇ ಹಚ್ಚಿಕೊಂಡಿದ್ದು ಅಕ್ಕಾ."

ಮದುಮಗಳು ತನ್ನೆರಡೂ ಕೈ ಮೇಲೆತ್ತಿಕೊಂಡು, "ಚಿಕ್ಕಮ್ಮಾ, ಕಿತ್ನಾ ಡಾರ್ಕ್ ಬರುತ್ತೆ ನೋಡಿ ನಿಮ್ದು!" ಎಂದು ಕೂಗಿದಳು. ಅವಳೊಬ್ಬಳು ನಕ್ಕಳು.

ಮದುವೆಯ ಸಂಜೆ ವರನ ಮೆರವಣಿಗೆ ಬಂದಾಗ ನಾನು ಒಳಕೋಣೆಯಲ್ಲಿರಲಿಲ್ಲ. ಬಾಗಿಲಲ್ಲಿ, ಆರತಿ ತಟ್ಟೆಗಳ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ ನಿಂತಿದ್ದೆ. ಘೋಡಿ ಬಂದು ನನ್ನೆದುರಿಗೇ ನಿಂತಿತು. ಕತ್ತಿನ ಕೂದಲನ್ನು ಸರಿಸಿ ನೋಡಿದೆ. ಕೈ ಇರಲಿಲ್ಲ. ಎಲ್ಲಿಂದ ಇರಬೇಕು, ಆ ಕುದುರೆಗಳೂ ಇಲ್ಲ, ಆ ಸೊಟ್ಟ ಬೆರಳೂ ಇಲ್ಲ. ಆ ಬರಿಯ ಕತ್ತಿನ ಮೇಲೆ ನನ್ನ ಮೆಹಂದಿಯ ಅಂಗೈಯನ್ನು ಅಗಲಿಸಿ ಇಟ್ಟು, ಮದುಮಗ ಇಳಿಯುವ ತನಕ ಹಾಗೇ ನಿಂತೆ. ಹಿಂದೆ ಸರಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಸರಿಯುತ್ತಿರಲಿಲ್ಲ.