ನಾಯಕಿಗೆ ಏನೂ ಆಗುವುದಿಲ್ಲ

ಹಳೆಯ ಲೇತ್ ಮಷೀನುಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಕಸುಬು. ಮಂಡ್ಯದ ಕಡೆಯಿಂದ ಬರಿಗೈಯಲ್ಲಿ ಬಂದವನು ತಮಿಳು ಸೀಮೆಯ ಅಂಬತ್ತೂರಿನಲ್ಲಿ ಸ್ವಂತ ಶೆಡ್ಡು ಹಾಕಿದ್ದು ಬಾಯಿಯ ಬಲದಿಂದ. ಎದುರು ಕೂತವನ ಮುಖ ನೋಡಿದರೆ ಸಾಕು, ಅವನ ಮುಂದಿನ ಮಾತು ನನಗೆ ಮೊದಲೇ ಗೊತ್ತಾಗಿಬಿಡುತ್ತದೆ. ನನ್ನ ಹೆಂಡತಿ ಮೆಚ್ಚುವ ಪ್ರೇಮದ ಸಿನಿಮಾಗಳೂ ಹಾಗೆಯೇ. ಹುಡುಗ ಹುಡುಗಿ ಮೊದಲು ಕಚ್ಚಾಡುತ್ತಾರೆ, ಒಂದು ಹಾಡಿನಲ್ಲಿ ಒಲಿಯುತ್ತಾರೆ, ಇಂಟರ್‌ವಲ್ ಹೊತ್ತಿಗೆ ಮುನಿಸು, ಕೊನೆಗೆ ಒಬ್ಬರು ಓಡಿ ಬರುತ್ತಾರೆ, ಇನ್ನೊಬ್ಬರು ರೈಲು ಹತ್ತದೆ ನಿಲ್ಲುತ್ತಾರೆ. ಇದಕ್ಕೆ ದುಡ್ಡು ಕೊಡುವವರನ್ನು ಕಂಡು ನಗುತ್ತಿದ್ದವನು ನಾನು.

ಹೆಂಡತಿಯ ಎದೆಯಲ್ಲೊಂದು ಗಂಟು ಸಿಕ್ಕಿತ್ತು. ಸೂಜಿ ಚುಚ್ಚಿ ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಹೇಳಲು ಕೀಲ್ಪಾಕ್‌ನ ಡಾಕ್ಟರಮ್ಮ ಸಂಜೆ ಬರಹೇಳಿದ್ದರು. ಅವತ್ತು ಬೆಳಿಗ್ಗೆ ನಾನು ದೋಸೆಯನ್ನು ತಟ್ಟೆಯಲ್ಲೇ ಚೂರು ಚೂರು ಮಾಡುತ್ತ ಕೂತಿದ್ದೆ.

"ಸಂಜೆ ತನಕ ಹಿಂಗೇ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋಕಾಗಲ್ಲ. ಅಣ್ಣಾ ನಗರ್‌ನಲ್ಲಿ ಆ ಹೊಸ ಪಿಕ್ಚರ್ ಹಾಕವ್ರೆ, ನಡೀರಿ," ಅಂದಳು.

"ಇವತ್ತಾ?"

"ನಾಳೆ ನಂಗೆ ಯಾವ ಮನಸ್ಸಿರ್ತದೋ ಯಾರು ಕಂಡವ್ರೆ?"

ಹೋದೆವು. ತಮಿಳು ಸಿನಿಮಾ. ನಾಯಕಿ ಸ್ಕೂಟರ್ ಕಲಿಯುತ್ತಾಳೆ, ಬ್ರೇಕ್ ಮರೆತು ಎರಡೂ ಕಾಲು ನೆಲಕ್ಕೆ ಉಜ್ಜುತ್ತಾಳೆ. ಹಿಂದೆ ಕೂತ ನಾಯಕ ತನ್ನ ಹೊಸ ಚಪ್ಪಲಿಗಾಗಿ ಅಳುತ್ತಾನೆ. "ಈಗ ಎಳನೀರು ಗಾಡಿಗೆ ಗುದ್ದುತ್ತಾರೆ ನೋಡು," ಎಂದೆ. ಗುದ್ದಿದರು. "ನೀವು ಬಾಯಿ ಮುಚ್ಕೊಂಡು ನೋಡ್ರೀ, ಪಕ್ಕದೋರು ತಿರುಗಿ ತಿರುಗಿ ನೋಡ್ತಾವ್ರೆ," ಎಂದು ಮೊಣಕೈಯಲ್ಲಿ ತಿವಿದಳು. ತಿವಿಯುತ್ತಲೇ ನಕ್ಕಳು. ಗಂಟು ಕಂಡ ದಿನದಿಂದ ಆ ನಗು ನಾನು ಕೇಳಿರಲಿಲ್ಲ. ಇನ್ನೊಂದು ಗಾಡಿಗೂ ಗುದ್ದಲಿ ಎಂದುಕೊಂಡೆ.

ಇಂಟರ್‌ವಲ್‌ನಲ್ಲಿ ಫೋನ್ ಬಂತು. ಡಾಕ್ಟರ್ ಬೇಗ ಬಂದಿದ್ದಾರೆ, ಈಗಲೇ ಬಂದರೂ ಸರಿ, ಮನೆಯವರೂ ಜೊತೆಯಲ್ಲಿರಲಿ ಎಂದಳು ಆಸ್ಪತ್ರೆಯ ಹುಡುಗಿ. ವ್ಯಾಪಾರದಲ್ಲಿ ಎದುರಿನವನು ಹೇಳಿದ ಹೊತ್ತಿಗಿಂತ ಮುಂಚೆ ಕರೆದನೆಂದರೆ ಅದರಲ್ಲೊಂದು ವಿಷಯ ಇದ್ದೇ ಇರುತ್ತದೆ. ಅದು ನಮಗೆ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

"ಏಳು, ಹೋಗೋಣ."

"ಅವಸರ ತೋರಿಸ್ದೋನು ಕೆಟ್ಟ ಅಂತ ಊರಿಗೆಲ್ಲ ಪಾಠ ಮಾಡೋರು ಯಾರು? ಕೂತ್ಕಳಿ. ಅವರಿಬ್ಬರು ರಾಜಿ ಆಗೋದ ನೋಡ್ದೆ ನಾನು ಬರಕಿಲ್ಲ."

"ಆಗ್ತಾರೆ ಕಣೇ! ನಾನು ಗ್ಯಾರಂಟಿ ಕೊಡ್ತೀನಿ."

"ಆಗ್ತಾರೆ ಅಂತ ನಂಗೂ ಗೊತ್ತು. ಅದಕ್ಕೇ ನೋಡ್ಬೇಕು."

ಎಷ್ಟೋ ಚೌಕಾಸಿ ಮಾಡಿದ್ದೇನೆ. ಅವತ್ತು ಫೋನು ಜೇಬಿಗೆ ಹಾಕಿಕೊಂಡೆ. ಕೂತೆ.

ದ್ವಿತೀಯಾರ್ಧದಲ್ಲಿ ಮುನಿಸು ಸಾಗುತ್ತಿತ್ತು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಆಸ್ಪತ್ರೆಯ ಬಿಳಿ ಗೋಡೆ. ನಾಯಕಿ ಕಾರಿಡಾರಿನಲ್ಲಿ ಒಬ್ಬಳೇ ನಡೆಯುತ್ತಿದ್ದಾಳೆ, ಸಂಗೀತ ನಿಂತಿದೆ. ನನಗೆ ಆ ಇನ್ನೊಂದು ಜಾತಿಯ ಸಿನಿಮಾಗಳ ಸೂತ್ರವೂ ಗೊತ್ತು. ಅಲ್ಲಿ ನಾಯಕಿ ಒಮ್ಮೆ ಕೆಮ್ಮಿದರೆ ಸಾಕು, ಕೊನೆಗೆ ನಾಯಕ ಒಬ್ಬನೇ ಸಮುದ್ರದ ಮುಂದೆ ನಿಂತಿರುತ್ತಾನೆ. ಇವಳು ಕೆಮ್ಮಬಾರದು, ಕೆಮ್ಮಬಾರದು ಎಂದು ಕುರ್ಚಿಯ ಕೈ ಹಿಡಿದುಕೊಂಡೆ. ನನ್ನ ಕೈಗೆ ಸಿಕ್ಕಿದ್ದು ಹೆಂಡತಿಯ ಕೈ. ಅವಳೂ ಅದನ್ನೇ ಬಿಗಿಯಾಗಿ ಹಿಡಿದಿದ್ದಳು. ಇಬ್ಬರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನಾಯಕಿ ಬಾಗಿಲು ತಳ್ಳಿದಳು. ಒಳಗೆ ಅವಳ ಗೆಳತಿ, ತೋಳಲ್ಲೊಂದು ಕೂಸು. ಬಂದದ್ದು ಬಾಣಂತಿಯನ್ನು ನೋಡಲು! ಅಷ್ಟರಲ್ಲಿ ನಾಯಕನ ಪೆದ್ದ ಸ್ನೇಹಿತ ನಾಯಕಿಗೇ ಏನೋ ಆಗಿದೆ ಎಂದು ತಪ್ಪು ತಿಳಿದು ಊರೆಲ್ಲ ಸುದ್ದಿ ಹಬ್ಬಿಸಿಯಾಗಿತ್ತು. ಅದೇ ಹಳಸಲು ತಮಾಷೆ. ಥಿಯೇಟರ್ ನಗುತ್ತಿದ್ದರೆ ನಾನು ಬಿಟ್ಟ ಉಸಿರಿಗೆ ಮುಂದಿನ ಸಾಲಿನವನು ಹಿಂದಕ್ಕೆ ತಿರುಗಿ ನೋಡಿದ.

ಒಂದು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಇಂಥ ದಿನ ನಿಮ್ಮ ಮನೆಗೂ ಬಂದರೆ ವಿಮರ್ಶಕರು ಹೊಗಳಿದ ಸಿನಿಮಾಕ್ಕೆ ಹೋಗಬೇಡಿ. ಕೊನೆ ಏನೆಂದು ಮೊದಲೇ ಗೊತ್ತಿರುವಂಥದ್ದಕ್ಕೆ ಹೋಗಿ. ಆ ಎರಡೂವರೆ ಗಂಟೆಯಾದರೂ ಯಾರೋ ಒಬ್ಬರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ.

ರೈಲ್ವೆ ಸ್ಟೇಷನ್ನಿನಲ್ಲಿ ನಾಯಕ ಓಡಿದ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಕಾಲಲ್ಲಿ ಚಪ್ಪಲಿ ಹುಡುಕುತ್ತಿರುತ್ತೇನೆ. ಅವತ್ತು ಮಾತ್ರ ನಿಧಾನ ಓಡಪ್ಪಾ ಎನ್ನಿಸಿತು. ದೀಪ ಹತ್ತಿತು, ಜನ ಎದ್ದರು, ಕೊನೆಯ ಹೆಸರು ಪರದೆ ದಾಟುವವರೆಗೆ ನಾವಿಬ್ಬರು ಕೂತೇ ಇದ್ದೆವು.

ಹೊರಗೆ ಬಂದು, ಸಿಕ್ಕಿದ ಆಟೋದವನು ಕೇಳಿದ ರೇಟಿಗೇ ಹೂಂ ಎಂದು ಹತ್ತಿದೆ. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿದಳು. ಈ ಮನುಷ್ಯ ರೇಟು ಕೇಳಿ ಸುಮ್ಮನಿದ್ದಾನೆ ಎಂದರೆ ಎಷ್ಟು ಹೆದರಿದ್ದಾನೆ ಎಂಬುದು ಅವಳಿಗೆ ತಿಳಿದುಹೋಯಿತು. ನನ್ನ ತೋಳು ಹಿಡಿದು ಇಳಿಸಿದಳು.

"ಎನ್ನಪ್ಪಾ, ಕೀಲ್ಪಾಕ್‌ಕ್ಕು ಇವ್ವಳವಾ? ವೇಣ್ಡಾಂ, ಪೋ!" ಇಷ್ಟೊಂದಾ, ಬೇಡ ಹೋಗು ಎಂದು ನನ್ನದೇ ಧಾಟಿಯಲ್ಲಿ ಹೇಳಿ, ಸೆರಗು ಕೊಡವಿ ಮುಂದೆ ನಡೆದಳು. ಆಟೋದವನು ರೇಟು ಇಳಿಸಿ ಹಿಂದೆಯೇ ಬಂದ. "ವಾಂಗಮ್ಮಾ, ಉಕ್ಕಾರುಂಗ," ಎಂದು ಕೂರಲು ಕರೆದ. ಒಳಗೆ ಕೂತ ಮೇಲೆ ಅವಳು ಸಿನಿಮಾ ಟಿಕೆಟ್ಟನ್ನು ಚೂರು ಚೂರು ಮಾಡುತ್ತಿರುವುದು ಕಂಡಿತು.

ಗಂಟು ಕೆಟ್ಟದ್ದೇ ಎಂದರು ಡಾಕ್ಟರಮ್ಮ. ಬೇಗ ಸಿಕ್ಕಿದೆ, ಆಪರೇಷನ್ ಆಗಬೇಕು, ಆಮೇಲೆ ಔಷಧಿ. "ಪೂರ್ತಿ ವಾಸಿಯಾಗುತ್ತೆ ಅಲ್ವಾ ಮೇಡಂ?" ಎಂದೆ. "ನಂಬಿಕೆಯಿಂದ ಶುರು ಮಾಡೋಣ," ಎಂದರು. ಮುಖ ನೋಡಿದೆ. ಅವರ ಮುಂದಿನ ಮಾತು ನನಗೆ ಗೊತ್ತಾಗಲಿಲ್ಲ.

ಆಪರೇಷನ್, ಔಷಧಿ ಎರಡೂ ಮುಗಿದಿವೆ. ಉದುರಿದ್ದ ಕೂದಲು ಮತ್ತೆ ಬಂದಿದೆ. ಈಗ ಆಗಾಗ ತಪಾಸಣೆಗೆ ಹೋಗಬೇಕು, ಅದರ ಹಿಂದಿನ ದಿನ ಅವಳು ಟಿವಿಯಲ್ಲಿ ಅದೇ ಸಿನಿಮಾ ಹಾಕಿಕೊಳ್ಳುತ್ತಾಳೆ. ಸ್ಕೂಟರಿಗೆ ನಾನೂ ನಗುತ್ತೇನೆ. ಆ ಬಿಳಿ ಗೋಡೆ ಬರುವ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗಿ, ಲೋಟ ಹಿಡಿದು ನಿಲ್ಲುತ್ತೇನೆ.

"ಮುಗೀತಾ?"

"ಮುಗೀತು ಬನ್ನಿ," ಎನ್ನುತ್ತಾಳೆ ಟಿವಿಯ ಮುಂದಿನಿಂದ. "ಏನೂ ಆಗಿಲ್ಲ ಅವಳಿಗೆ."